ತೊಟ್ಟಿಲ ನಾಲ್ಕನೆಯ ಮೂಲೆ

ಗಂಡನ ಉತ್ತರಕ್ರಿಯೆ ಮುಗಿಸಿ ನೆಂಟರೆಲ್ಲ ಊರಿನ ರೈಲು ಹತ್ತಿದ ಮರುದಿನ ಬೆಳಿಗ್ಗೆ ಹರ್ಷಿಣಿ ದೆಹಲಿ ಪಕ್ಕದ ಇಂದಿರಾಪುರಂನ ಫ್ಲ್ಯಾಟಿನ ಬಾಲ್ಕನಿ ಗುಡಿಸುತ್ತಿದ್ದಳು. ತೊಟ್ಟಿಲ ಕೆಳಗೆ ರವೆಯಂಥ ಹಿಟ್ಟು. ನಿನ್ನೆ ಗುಡಿಸಿದ್ದ ಜಾಗದಲ್ಲೇ.

ತೊಟ್ಟಿಲು ದೇವಕಿ ಆಂಟಿಯದು. ದೆಹಲಿಯಲ್ಲಿ ಅವರ ಬಳಗದ ಮಕ್ಕಳಿಗೆಲ್ಲ ಅದರಲ್ಲೇ ನಾಮಕರಣವಾಗುತ್ತಿತ್ತು. ಅಂಥದ್ದೇ ತೊಟ್ಟಿಲೊಂದನ್ನು ತಾನೂ ಮಾಡಬೇಕೆಂದು, ಮರಗೆಲಸದ ಹುಚ್ಚಿದ್ದ ಗಂಡ ಕಾರ್ತಿಕೇಯ ಎರವಲು ತಂದಿದ್ದ. ಹಿಂದಿರುಗಿಸಲೆಂದು ಪಾಲಿಶ್ ಕೂಡ ಹೊಡೆದಿದ್ದ. ಇಂದು ಆಂಟಿಯ ಮೊಮ್ಮಗಳ ನಾಮಕರಣ.

ಮರದ ಕೊಳೆತ, ಹುಳ ಪರೀಕ್ಷಿಸುವುದು ಹರ್ಷಿಣಿ ಓದಿದ ವಿದ್ಯೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೂಲೆಗಳನ್ನು ತಟ್ಟಿದಳು. ಮೂರು ಗಟ್ಟಿಯಾಗಿ ನುಡಿದವು. ನಾಲ್ಕನೆಯದು ಖಾಲಿ ಡಬ್ಬಿಯಂತೆ. ಉಗುರಿನಿಂದ ಪಾಲಿಶ್ ಕೆರೆದರೆ ಒಳಗೆ ಮೇಣ; ಮೇಣದಡಿ ಸೂಜಿ ಚುಚ್ಚಿದಂಥ ತೂತುಗಳು. ತೊಟ್ಟಿಲನ್ನು ತೂಗುಹಾಕುವ ನಾಲ್ಕು ಸರಪಳಿಗಳಲ್ಲಿ ಒಂದರ ಕೊಂಡಿ ಇದ್ದದ್ದು ಅದೇ ಮೂಲೆಯಲ್ಲಿ.

ಬೆಲ್ ಆಯಿತು. ದೇವಕಿ, ಹಿಂದೆ ಅವರ ಮಗ ಮನೋಜ್.

"ಹನ್ನೊಂದಕ್ಕೆ ಮುಹೂರ್ತ ಹರ್ಷಿ. ಮನೋಜ, ಎತ್ಕೊಳೋ."

"ಇದು ಬೇಡ ಆಂಟಿ."

ದೇವಕಿ ಅವಳ ಕೈ ಹಿಡಿದರು. "ಸಾವಾದ ಮನೆಯಿಂದ ಅಂತ ಹಿಂಜರೀಬೇಡ. ನಾವು ಅದೆಲ್ಲ ನೋಡೋರಲ್ಲ. ಮಗೂನ ನೀನೇ ಮಲಗಿಸ್ಬೇಕು."

"ಅದಲ್ಲ. ಮರ ಟೊಳ್ಳಾಗಿದೆ."

"ಕ್ಯಾ ಭಾಭಿ," ಮನೋಜ್ ನಕ್ಕ. "ಇನ್ನೈವತ್ತು ವರ್ಷ ಏನೂ ಆಗಲ್ಲ ಅಂತ ಭಯ್ಯಾನೇ ಹೇಳಿದ್ರು. ಅವರ ಕೆಲಸ ಕಚ್ಚಾ ಇರುತ್ತಾ?"

"ಅವನು ಕೊನೇಲಿ ಕೈಯಿಟ್ಟಿದ್ದು ಇದಕ್ಕೆ," ಎಂದರು ದೇವಕಿ. "ಅದಕ್ಕೇ ನಂಗಿದು ಬೇಕು."

ಮನೋಜ್ ತೊಟ್ಟಿಲನ್ನೆತ್ತಿ ಬಾಗಿಲವರೆಗೆ ಬಂದಿದ್ದ. ಹರ್ಷಿಣಿ ಹೊಸ್ತಿಲಿಗೆ ಅಡ್ಡ ನಿಂತಳು.

"ಇಳಿಸು."

ಸ್ಕ್ರೂಡ್ರೈವರಿನ ತುದಿಯನ್ನು ಮೂಲೆಗಿಟ್ಟು ಒತ್ತಿದಳು. ಜೋರು ಬೇಕಾಗಲಿಲ್ಲ. ಹಿಡಿಯವರೆಗೂ ಇಳಿಯಿತು.

"ಹುಳ ತಿಂದದ್ದು ಅವರಿಗೆ ಗೊತ್ತಿತ್ತು," ಅಂದಳು. "ಮೇಣ ತುಂಬಿ ಮುಚ್ಚಿದಾರೆ."

ಮನೋಜ್ ತೊಟ್ಟಿಲಿನಿಂದ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ದೇವಕಿ ಆ ತೂತನ್ನೇ ನೋಡುತ್ತಿದ್ದರು.

"ಚಲೋ," ಎಂದರು ಕೊನೆಗೆ. "ಸೀರೇಲಿ ತೂಗೋಣ. ನೀನೂ ಬಾ."

ಸರೋಜಿನಿ ನಗರದ ದೇವಕಿಯವರ ಕ್ವಾರ್ಟರ್ಸಿನಲ್ಲಿ ತೊಟ್ಟಿಲನ್ನು ಹರ್ಷಿಣಿಯೇ ಕಾರಿನಿಂದ ಇಳಿಸಿ ಹೊತ್ತು ತಂದು ಕೊಟ್ಟಳು. ದೇವಕಿ ಎರಡೂ ಕೈಯಲ್ಲಿ ತೆಗೆದುಕೊಂಡು ಗೋಡೆಗೆ ಒರಗಿಸಿದರು. ನಡುಮನೆಯಲ್ಲಿ ಫ್ಯಾನು ಬಿಚ್ಚಿ, ಅದರ ಕೊಕ್ಕೆಗೆ ಹಳೆಯ ನೂಲಿನ ಸೀರೆ ಕಟ್ಟಿದ್ದರು. ಮನೋಜ್ ಮಗುವನ್ನೆತ್ತಿಕೊಂಡು ಬಂದವನು ನಿಂತ.

"ಭಾಭಿ, ಗಟ್ಟಿ ಇದೆಯಾ ನೀವೊಂದ್ಸಲ ನೋಡಿ."

ಹೆಂಗಸರು ಸರಿದು ದಾರಿ ಬಿಟ್ಟರು. ಹರ್ಷಿಣಿ ಸೀರೆಯನ್ನು ಎರಡೂ ಕೈಯಿಂದ ಹಿಡಿದು, ಪಾದಗಳನ್ನು ನೆಲದಿಂದ ಎತ್ತಿ, ತನ್ನ ಭಾರವನ್ನೆಲ್ಲ ಅದಕ್ಕೆ ಬಿಟ್ಟಳು.