ಚೆನ್ನಾಗಿ ತಿನ್ನುತ್ತಿದ್ದ ಬೆಕ್ಕು

ವಿಸ್ಕಾನ್ಸಿನ್ನಿನಲ್ಲಿ ಜೂನ್ ತಿಂಗಳ ಮೊದಲ ಹುಲ್ಲುಕೊಯ್ಲು ನಡೆದಿತ್ತು. ಹೈನುಗಾರ ಆರಿನ್‌ನ ಹಸುಗಳ ಗಬ್ಬ ನೋಡಲು ಬಂದಿದ್ದ ಪಶುವೈದ್ಯೆ ಮಾರ್ಲಿಸ್ ಕೆಲಸ ಮುಗಿಸಿ ಕೈ ತೊಳೆದು, ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತಿದ್ದ ಟಿಲ್ಡಾ ಎಂಬ ಮುದಿ ಬೆಕ್ಕನ್ನು ಎತ್ತಿಕೊಂಡಳು. ಕೈಗೆ ಬರೀ ಮೂಳೆ ಸಿಕ್ಕಿತು.

"ಏನ್ರೀ ಆರಿನ್, ಇವಳಿಗೆ ಊಟ ಹಾಕಲ್ವಾ?"

"ಇಬ್ಬರದ್ದು ಒಬ್ಬಳೇ ತಿಂತಾಳೆ ಡಾಕ್ಟ್ರೇ. ವಯಸ್ಸು ಹದಿನಾಲ್ಕು, ಹಸಿವು ಮಾತ್ರ ಮರಿಬೆಕ್ಕಿಂದು!" ಆರಿನ್ ಹೆಮ್ಮೆಯಿಂದ ನಕ್ಕ. ಮೇವು ಬಿಟ್ಟ ಹಸುವಿಗೆ ಕಾಯಿಲೆ, ತಿನ್ನುವ ಹಸು ಗಟ್ಟಿ ಎಂಬುದನ್ನು ನಲವತ್ತು ವರ್ಷ ಕೊಟ್ಟಿಗೆಯಲ್ಲೇ ಕಲಿತವನು ಅವನು.

ಮಾರ್ಲಿಸ್ ನಗಲಿಲ್ಲ. ಬೆಕ್ಕಿನ ಕತ್ತಿನಲ್ಲಿದ್ದ ಗಂಟನ್ನು ಒತ್ತಿ ನೋಡಿ, ಎದೆಬಡಿತ ಕೇಳಿದಳು.

"ಮುದಿ ಬೆಕ್ಕು ತಿಂದೂ ತಿಂದೂ ಸೊರಗಿದ್ರೆ ಅದು ಥೈರಾಯ್ಡು, ಕತ್ತಿನ ಗ್ರಂಥಿ ಊದಿ ತಿಂದದ್ದನ್ನೆಲ್ಲ ಸುಟ್ಟುಹಾಕುತ್ತೆ. ಹೋದ ವರ್ಷ ತೋರಿಸಿದ್ರೆ ಮಾತ್ರೆಲೇ ಹತೋಟಿಗೆ ಬರ್ತಿತ್ತು. ಈಗ ಹೃದಯ ಸೋತುಹೋಗಿದೆ, ಸೂಜಿ ಕೊಟ್ಟು ನೋವಿಲ್ಲದೆ ಕಳಿಸೋದೊಂದೇ ದಾರಿ. ಹಸುಗಳ ಬೆನ್ನು ದಿನಾ ಸವರಿ ನೋಡ್ತೀರ, ಇವಳದ್ದೂ ಒಂದ್ಸಲ ನೋಡಬಾರದಿತ್ತಾ?"

"ಇವತ್ತೇ ಆಗಬೇಕಾ?" ಆರಿನ್ ಕೇಳಿದ.

"ತಡ ಮಾಡಿದಷ್ಟೂ ಅವಳಿಗೇ ನರಳಾಟ."

"ಹಾಲು ಕರೆಯೋ ತನಕ ಇರ್ತೀರಾ?"

ಸಂಜೆ ಅವನು ಮೊದಲ ಹಸುವಿನ ಬಿಸಿ ನೊರೆಹಾಲನ್ನು ಬಟ್ಟಲಿಗೆ ಸುರಿದ. ಮಾರ್ಲಿಸ್ ಸೂಜಿ ಹಿಡಿದು ಕಾದಳು. ಟಿಲ್ಡಾ ಬಟ್ಟಲನ್ನು ನೆಕ್ಕಿ ಮುಗಿಸಿ, ಇನ್ನೂ ಬೇಕೆಂದು ಅವನ ಮುಖ ನೋಡಿತು. ಆರಿನ್ ಮತ್ತೆ ಸುರಿದ. ಅದು ಕುಡಿಯುತ್ತಿದ್ದಾಗ ಪಕ್ಕದಲ್ಲಿ ಮಂಡಿಯೂರಿ, ಇಷ್ಟು ವರ್ಷ ಸವರಿ ನೋಡದೆ ಬಾಕಿಯಿಟ್ಟಿದ್ದ ಬೆನ್ನನ್ನು ಕತ್ತಿನಿಂದ ಬಾಲದವರೆಗೆ ನಿಧಾನವಾಗಿ ಸವರಿದ.