ಬಾನೆಟ್ಟಿನ ಕೆಳಗಿನ ಸಹಿ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಉಮಾಶಂಕರನ ವ್ಯಾನು ಫೆಲ್ಥಮ್‌ನಿಂದ ಬಂದು ಸ್ಟ್ಯಾನ್ಮೋರ್‌ನ ಡಾಕ್ಟರ್ ಶೇಷಾದ್ರಿಯವರ ಮನೆಯೆದುರು ನಿಂತಿತು. ಡಾಕ್ಟರ ಹೆಂಡತಿ ಶ್ರೀಲತಾ ಬಾಗಿಲಲ್ಲೇ ತಡೆದು, "ಮೊದಲು ಉಪ್ಪಿಟ್ಟು, ಆಮೇಲೆ ಕೆಲಸ" ಎಂದರು. ಆ ಮನೆಯ ಪದ್ಧತಿಯೇ ಅದು.

ವಲಸೆ ಬಂದು ಆ ಕಡೆ ನೆಲೆಸಿದ ಕನ್ನಡದ ಡಾಕ್ಟರುಗಳ ನಡುವೆ ಉಮಾಶಂಕರನ ಫೋನ್ ನಂಬರು ಕೈಯಿಂದ ಕೈಗೆ ಓಡಾಡುತ್ತಿತ್ತು. ಬ್ರೇಕು ಕಿರುಗುಟ್ಟಲಿ, ಬ್ಯಾಟರಿ ಕೈಕೊಡಲಿ, "ನಮ್ಮ ಉಮಾಶಂಕರ ಇದ್ದಾನಲ್ಲ" ಎನ್ನುವರು. ಅವನು ಇಪ್ಪತ್ತೆರಡು ವರ್ಷದಿಂದ ವಿಮಾನ ನಿಲ್ದಾಣದಲ್ಲಿ ಲಗೇಜು ಎಳೆಯುವ ಗಾಡಿಗಳ ಮೆಕ್ಯಾನಿಕ್ ಎನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದನ್ನೊಂದು ವಿದ್ಯೆ ಎಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನಿಗೂ ಅದರ ಬಗ್ಗೆ ದೂರಿರಲಿಲ್ಲ. ಎರಡು ವರ್ಷದ ಹಿಂದೆ ಹೆಂಡತಿಗೆ ಆಪರೇಷನ್ ಆದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ಮೂರು ಗಂಟೆ ಅವನ ಪಕ್ಕ ಕೂತವರು ಇದೇ ಶೇಷಾದ್ರಿ. ಅದನ್ನು ಅವನು ಸಾಯುವವರೆಗೂ ಮರೆಯುವಂತಿರಲಿಲ್ಲ. ಇವತ್ತು ಇನ್ನೊಂದು ಕೆಲಸವೂ ಇತ್ತು. ಹದಿನೇಳರ ಮಗಳು ಪ್ರತೀಕ್ಷಾ ಜೊತೆಗೆ ಬಂದಿದ್ದಳು. ಅವಳಿಗೆ ಡಾಕ್ಟರಾಗುವ ಆಸೆ. ಬೇಸಿಗೆ ರಜೆಯಲ್ಲಿ ಒಂದು ವಾರ ಶೇಷಾದ್ರಿಯವರ ಜೊತೆ ಆಸ್ಪತ್ರೆಯಲ್ಲಿದ್ದು ನೋಡಿ ಕಲಿಯಲು ಅವರ ಸಹಿ ಬೇಕಿತ್ತು. ಫಾರಂ ನಡುಮನೆಯ ಟೇಬಲ್ಲಿನ ಮೇಲೆ ಕಾಯುತ್ತಿತ್ತು.

"ಅದಕ್ಕೇನು, ಹಾಕ್ತೀನಿ" ಎಂದಿದ್ದರು ಡಾಕ್ಟರು. "ಮೊದಲು ಕಾರಿನ ಸರ್ವಿಸ್ ಮುಗಿಸಿಬಿಡು. ಮುಂದಿನ ವಾರ ಸ್ಕಾಟ್ಲೆಂಡಿಗೆ ಹೋಗ್ಬೇಕು. ಆಯಿಲ್ ನಾನೇ ತಂದಿಟ್ಟಿದ್ದೀನಿ, ಗ್ಯಾರೇಜಲ್ಲಿದೆ."

ಉಮಾಶಂಕರ ಹಳೆಯ ಆಯಿಲ್ ಇಳಿಸುವ ಮೊದಲೇ ಹೊಸ ಡಬ್ಬ ಓದುವವನು. ಇಪ್ಪತ್ತು ಲೀಟರಿನ ದೊಡ್ಡ ಡಬ್ಬ. ಹಿಂದೆ ಮುಂದೆ ತಿರುಗಿಸಿ ಓದಿದ. ಕಾರಿನ ಪುಸ್ತಕ ತೆಗೆದು ಅದನ್ನೂ ಓದಿದ. ಮತ್ತೆ ಡಬ್ಬ ಓದಿದ. ಆಮೇಲೆ ಸ್ಪ್ಯಾನರನ್ನು ಪೆಟ್ಟಿಗೆಯೊಳಗೆ ವಾಪಸ್ ಇಟ್ಟ.

"ಸಾಹೇಬ್ರ, ಇದು ಈ ಗಾಡಿಗೆ ನಡಿಯಂಗಿಲ್ರಿ."

ಕಾಫಿ ಲೋಟ ಹಿಡಿದೇ ಹೊರಬಂದ ಶೇಷಾದ್ರಿ ನಕ್ಕರು. "ನಂಬರ್ ನೋಡಯ್ಯ. ಪುಸ್ತಕದಲ್ಲಿ ಐದು-ಮೂವತ್ತು, ಡಬ್ಬದಲ್ಲೂ ಐದು-ಮೂವತ್ತು. ನಾನೇನು ಸೀಮೆಎಣ್ಣೆ ತಂದಿದ್ದೀನಾ?"

"ಆ ನಂಬರ ಆಯಿಲ್ ಎಷ್ಟು ಮಂದ ಅದ ಅಂತ ಹೇಳ್ತದ್ರಿ, ಅಷ್ಟ. ನಿಮ್ಮದು ಡೀಸೆಲ್ ಗಾಡಿ. ಹೊಗಿ ಕೊಳವಿಯೊಳಗ ಒಂದು ಫಿಲ್ಟರ್ ಅದ. ಅದು ಮಸಿ ಹಿಡದು ತಾನ ಸುಟ್ಟು ಹಾಕ್ತದ. ಬೂದಿ ಮಾತ್ರ ಸುಡಾಕ ಬರಂಗಿಲ್ಲ. ಅದಕ್ಕ ಬೂದಿ ಕಡಿಮಿ ಬಿಡೋ ಆಯಿಲ್ ಬೇಕು. ಪುಸ್ತಕದಾಗ ಸಿ-ಮೂರು ಅಂತ ಬರದಾರ. ಈ ಡಬ್ಬಿ ಮ್ಯಾಲೆ ಅದಿಲ್ಲ."

"ನಮ್ಮ ಆಸ್ಪತ್ರೆಯ ಚಂದ್ರಶೇಖರ್ ತನ್ನ ಕಾರಿಗೆ ಇದನ್ನೇ ಹಾಕಿಸಿದ್ದಾನಲ್ಲ?"

"ಅವರದು ಹಳೇ ಪೆಟ್ರೋಲ್ ಗಾಡಿರಿ."

"ಸರಿ, ಹಾಕಿದ್ರೆ ಏನಾಗುತ್ತೆ? ನಾಳೆ ಕಾರು ನಿಂತುಹೋಗುತ್ತಾ?"

ಹೌದು ಎಂದುಬಿಟ್ಟಿದ್ದರೆ ಮಾತು ಅಲ್ಲೇ ಮುಗಿಯುತ್ತಿತ್ತು. ಆದರೆ ಉಮಾಶಂಕರನಿಗೆ ಕೆಲಸದ ವಿಷಯದಲ್ಲಿ ಸುಳ್ಳು ಹೇಳಿ ರೂಢಿಯಿಲ್ಲ. "ನಾಳೆ ಏನೂ ಆಗಂಗಿಲ್ರಿ. ಬೂದಿ ತುಂಬಕೋತ ಹೋಗ್ತದ. ವರ್ಷಕ್ಕೋ ಎರಡು ವರ್ಷಕ್ಕೋ ಫಿಲ್ಟರ್ ಕಟ್ಟಕೊಂತದ."

"ಅಷ್ಟೇ ತಾನೇ! ಇಷ್ಟು ದೊಡ್ಡ ಡಬ್ಬ ಚೆಲ್ಲೋಕಾಗುತ್ತಾ? ಈ ಸಲ ಅಡ್ಜಸ್ಟ್ ಮಾಡು. ಮುಂದಿನ ಸಲ ನೀನು ಹೇಳಿದ್ದೇ ತರ್ತೀನಿ."

"ನಾ ಹಾಕಂಗಿಲ್ರಿ."

ಪ್ರತೀಕ್ಷಾ ಬಾಗಿಲ ಬಳಿ ನಿಂತಿದ್ದಳು. ಅವಳ ಕಣ್ಣು ಒಮ್ಮೆ ನಡುಮನೆಯ ಟೇಬಲ್ಲಿಗೆ ಹೋಗಿ ಬಂತು. "ಪಪ್ಪಾ, ಜಸ್ಟ್ ಡೂ ಇಟ್. ಪ್ಲೀಸ್" ಎಂದಳು ಮೆಲ್ಲಗೆ. ಗೆಳತಿಯರಿಗೆ ಅವಳು "ಪಪ್ಪ ಏರ್‌ಪೋರ್ಟಲ್ಲಿದ್ದಾರೆ" ಎಂದಷ್ಟೇ ಹೇಳಿ ಮಾತು ಬದಲಿಸುವವಳು. ಅದು ಉಮಾಶಂಕರನಿಗೆ ಗೊತ್ತಿತ್ತು.

ಶೇಷಾದ್ರಿಯವರ ಮುಖ ಕೆಂಪಾಯಿತು. "ಚೆನ್ನಾಗಿದೆ! ನೀನು ಕೇಳಿದ ಕಡೆ ನಾನು ಸಹಿ ಹಾಕಬೇಕು. ನಾನು ಕೇಳಿದ ಒಂದು ಸಣ್ಣ ಕೆಲಸ ನಿನ್ನ ಕೈಲಾಗಲ್ಲ."

ಉಮಾಶಂಕರನಿಗೆ ಮಗಳ ಮುಖ ನೋಡಲು ಧೈರ್ಯ ಬರಲಿಲ್ಲ. ಕೈ ಒರೆಸಿಕೊಂಡು ಪೆಟ್ಟಿಗೆಯಿಂದ ದಾರ ಕಟ್ಟಿದ ಒಂದು ಹಳದಿ ಚೀಟಿ ತೆಗೆದ.

"ಸಾಹೇಬ್ರ, ಹುಡುಗಿ ಯೋಗ್ಯ ಅನಿಸಿದ್ರ ಸಹಿ ಹಾಕ್ರಿ, ಇಲ್ಲಾಂದ್ರ ಬ್ಯಾಡ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಮ್ಮ ವರ್ಕ್‌ಶಾಪಿನಾಗ ಯಾವ ಗಾಡಿ ಮುಟ್ಟಿದ್ರೂ ಏನ್ ಹಾಕಿದೆ, ಎಷ್ಟು ಹಾಕಿದೆ, ಬರದು ಸಹಿ ಮಾಡಬೇಕು. ಹೊರಗ ಮಾಡಿದ ಕೆಲಸಕ್ಕೂ ನಾ ಹಂಗ ಮಾಡಿ ಬಾನೆಟ್ ಕೆಳಗ ಕಟ್ತೀನಿ. ಈ ಆಯಿಲ್ ಸರಿ ಅಂತ ನಾ ಸಹಿ ಮಾಡಾಕ ಬರಂಗಿಲ್ಲ. ಸರಿ ಅದ ಅಂತ ನಿಮಗ ಖಾತ್ರಿ ಇದ್ರ ಇಲ್ಲಿ ನೀವ ಸಹಿ ಹಾಕ್ರಿ. ಈಗಿಂದೀಗ ಹಾಕಿಕೊಡ್ತೀನಿ."

ಡಾಕ್ಟರು ಚೀಟಿಯನ್ನು ಕಿತ್ತುಕೊಂಡವರಂತೆ ತೆಗೆದುಕೊಂಡರು. ಅಂಗಿಯ ಜೇಬಿನಿಂದ ಪೆನ್ನೂ ಬಂತು. ಚೀಟಿಯನ್ನು ಕಾರಿನ ಮೇಲಿಟ್ಟರು. ಪೆನ್ನು ಕಾಗದಕ್ಕೆ ತಾಗುವಷ್ಟು ಹತ್ತಿರ ಹೋಗಿ ಅಲ್ಲೇ ನಿಂತಿತು.

"ಹಾಕಿ, ಯಾಕೆ ನಿಲ್ಲಿಸಿದ್ರಿ?" ಎಂದರು ಶ್ರೀಲತಾ ಹಿಂದಿನಿಂದ. "ಹೋದ ತಿಂಗಳು ನೀವು ನೋಡದೇ ಇರೋ ಪೇಷೆಂಟಿನ ಔಷಧಿ ಚೀಟಿಗೆ ಸಹಿ ಹಾಕಿ ಅಂತ ಯಾರೋ ಅವಸರ ಮಾಡಿದ್ರಂತೆ. ಎರಡು ದಿನ ಮನೇಲಿ ಅದೇ ಕೂಗಾಟ. 'ನನ್ನ ಹೆಸರು ಅಂದ್ರೆ ಏನಂದ್ಕೊಂಡಿದ್ದಾರೆ' ಅಂತ."

ಶೇಷಾದ್ರಿ ಡಬ್ಬದ ಮುಂದೆ ಬಗ್ಗಿ, ಕನ್ನಡಕ ಹಣೆಗೇರಿಸಿ, ಸಣ್ಣ ಅಕ್ಷರಗಳನ್ನು ಮೊದಲ ಸಲ ಓದಿದರು. ಕಾರಿನ ಪುಸ್ತಕವನ್ನೂ ಓದಿದರು. ಎದ್ದು ನಿಂತಾಗ ಸಿಟ್ಟೆಲ್ಲ ಇಳಿದಿತ್ತು.

"ಗೊತ್ತಿಲ್ಲದ್ದಕ್ಕೆ ಸಹಿ ಹಾಕೋಕೆ ಹೊರಟಿದ್ದೆ" ಎಂದರು. "ಆ ಫಾರಂ ಮಾತು ಆಡಬಾರದಿತ್ತು, ಉಮಾಶಂಕರ್. ತಪ್ಪಾಯ್ತು. ಸರಿಯಾದ ಆಯಿಲ್ ಎಲ್ಲಿ ಸಿಗುತ್ತೆ? ನಡೀರಿ, ನಾನೂ ಬರ್ತೀನಿ."

ಎಜ್‌ವೇರ್‌ನ ಅಂಗಡಿಗೆ ಹೋಗಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಡಾಕ್ಟರು ವ್ಯಾನಿನಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು, ಉಮಾಶಂಕರ ತನ್ನ ವಿದ್ಯೆಯನ್ನು ಮೊದಲ ಸಲ ಆ ಮನೆಯವರಿಗೆ ಬಿಡಿಸಿ ಹೇಳಿದ. ಹಿಂದಿನ ಸೀಟಿನಲ್ಲಿ ಪ್ರತೀಕ್ಷಾ ಫೋನನ್ನು ಮಡಿಲಲ್ಲಿಟ್ಟು ಕೇಳುತ್ತಿದ್ದಳು.

ಹಳೆಯದು ಇಳಿಯಿತು, ಎಂಜಿನ್ನಿಗೆ ಹೊಸ ಆಯಿಲ್ ಫಿಲ್ಟರು ಕೂತಿತು, ಹೊಸ ಆಯಿಲ್ ತುಂಬಿತು. ಉಮಾಶಂಕರ ಆಯಿಲ್ ಅಳೆಯುವ ಕಡ್ಡಿ ಎತ್ತಿ ನೋಡಿ, ಹಳದಿ ಚೀಟಿ ಬರೆದು, "ಮಾಡಿದವರು" ಎಂಬಲ್ಲಿ ಸಹಿ ಹಾಕಿದ.

"ಕೆಳಗೆ ಇನ್ನೊಂದು ಗೆರೆ ಇದೆಯಲ್ಲ?" ಡಾಕ್ಟರು ಕೇಳಿದರು.

"ಅದು ಪರೀಕ್ಷೆ ಮಾಡಿದವರದ್ರಿ. ವರ್ಕ್‌ಶಾಪಿನಾಗ ಎರಡನೇ ಮನಿಷಾ ಇರ್ತಾನ. ಇಲ್ಲಿ ಯಾರೂ ಇಲ್ಲ, ಅದು ಖಾಲೀನ ಇರ್ತದ."

"ಗಿವ್ ಇಟ್ ಟು ಮಿ" ಎಂದಳು ಪ್ರತೀಕ್ಷಾ. ಪುಸ್ತಕವನ್ನು ಒಂದು ಕೈಯಲ್ಲಿ, ಖಾಲಿ ಡಬ್ಬವನ್ನು ಇನ್ನೊಂದರಲ್ಲಿ ಹಿಡಿದು ಒಂದೊಂದೇ ಅಕ್ಷರ ತಾಳೆ ನೋಡಿದಳು. ಕಡ್ಡಿ ತಾನೇ ಒರೆಸಿ, ಅದ್ದಿ, ಬೆಳಕಿಗೆ ಹಿಡಿದಳು. ಆಮೇಲೆ ಅಪ್ಪನ ಸಹಿಯ ಕೆಳಗೆ, ಶಾಲೆಯಲ್ಲಿ ಎಂದೂ ಪೂರ್ತಿ ಬರೆಯದ ಹೆಸರನ್ನು ಪೂರ್ತಿಯಾಗಿ ಬರೆದಳು: ಪ್ರತೀಕ್ಷಾ ಉಮಾಶಂಕರ.

ಶೇಷಾದ್ರಿ ಒಳಗೆ ಹೋಗಿ ಫಾರಂ ತಂದು ಕಾರಿನ ಮೇಲೇ ಇಟ್ಟು ಸಹಿ ಹಾಕಿದರು. ಅಭಿಪ್ರಾಯ ಬರೆಯುವ ಜಾಗದಲ್ಲಿ ಒಂದೇ ಸಾಲು ಬರೆದರು: ಈ ಹುಡುಗಿ ಓದದೆ ಸಹಿ ಹಾಕುವವಳಲ್ಲ.

"ಈ ದೊಡ್ಡ ಡಬ್ಬ ಚಂದ್ರಶೇಖರ್‌ಗೆ ಕೊಟ್ಟುಬಿಡ್ತೀನಿ" ಎಂದರು.

"ಮೊದಲು ಅವರ ಗಾಡಿ ಪುಸ್ತಕ ನೋಡೋಣ್ರಿ, ಸಾಹೇಬ್ರ."

ಶ್ರೀಲತಾ ಜೋರಾಗಿ ನಕ್ಕರು, ಡಾಕ್ಟರೂ ನಕ್ಕರು. ಉಮಾಶಂಕರ ಚೀಟಿಯನ್ನು ಬಾನೆಟ್ಟಿನ ಕೆಳಗೆ ಕಟ್ಟುತ್ತಿದ್ದ. ಹೆಮ್ಮೆಯಿಂದ ಅವನ ಕಣ್ಣು ತುಂಬಿ ಗಂಟು ಸರಿಯಾಗಿ ಕಾಣುತ್ತಿರಲಿಲ್ಲ. ಪ್ರತೀಕ್ಷಾ ಬಗ್ಗಿ ದಾರದ ತುದಿ ಹಿಡಿದುಕೊಂಡಳು.