ಮುಖಕ್ಕೆ ಕಾಲಂ ಇಲ್ಲ

ಬೆಳಗಿನ ಐದೂ ನಲವತ್ತರ ಬಸ್ಸಿಗೆ ಇಪ್ಪತ್ತನಾಲ್ಕು ಸೀಟು. ಅದರಲ್ಲಿ ಮೂರಕ್ಕೆ ಸ್ಪಂಜಿಲ್ಲ, ಎರಡಕ್ಕೆ ಬೆನ್ನಿಲ್ಲ, ಒಂದಕ್ಕೆ ಸೀಟೇ ಇಲ್ಲ. ಕಬ್ಬಿಣದ ಚೌಕಟ್ಟು ಮಾತ್ರ ನಿಂತಿದೆ. ಆ ಬಸ್ಸು ಹತ್ತುವವರು ದಿನವೂ ಒಂಬತ್ತೇ ಜನ. ಎಲ್ಲರೂ ಮೊದಲ ನಿಲ್ದಾಣದಲ್ಲಿ ಹತ್ತಿ ಪೇಟೆಯಲ್ಲಿ ಇಳಿಯುವವರು, ಎಲ್ಲರ ಹತ್ತಿರವೂ ತಿಂಗಳ ಪಾಸು.

ಅವರಲ್ಲೊಬ್ಬಳು ಆಸ್ಪತ್ರೆಯ ವಾರ್ಡು ಗುಡಿಸಿ ಒರೆಸುವವಳು. ಬಸ್ಸಿನಲ್ಲಿ ಎಲ್ಲರಿಗೂ ಅವಳು ಆಸ್ಪತ್ರೆ ಅಕ್ಕ. ಅವಳ ಎಡ ಮೊಣಕಾಲು ಪೂರ್ತಿ ಮಡಚುವುದಿಲ್ಲ. ಬಲಗಾಲನ್ನು ಮೆಟ್ಟಿಲ ಮೇಲಿಟ್ಟು, ಎಡಗಾಲನ್ನು ಕೈಯಿಂದಲೇ ಎತ್ತಿ ಇಡಬೇಕು. ಪೇಟೆಗೆ ಒಂಬತ್ತು ಕಿಲೋಮೀಟರು. ಏಳು ಗಂಟೆಗೆ ಹಾಜರಿ ಪುಸ್ತಕ ಮುಚ್ಚುತ್ತದೆ. ಕಳೆದ ವಾರ ಬಸ್ಸಿನ ಚಕ್ರ ಪಂಕ್ಚರಾಗಿ ಒಮ್ಮೆ ತಡವಾಗಿತ್ತು. ಮೂರನೇ ಸಲ ತಡವಾದರೆ ಬರುವುದೇ ಬೇಡ ಎಂದು ಮೇಲ್ವಿಚಾರಕಿ ಹೇಳಿಯೇ ಇಟ್ಟಿದ್ದಳು.

ಒಂದು ದಿನ ಕಂಡಕ್ಟರ್ ಸೀಟಿ ಊದುವುದನ್ನೂ ಮರೆತು ಹೇಳಿದ:

"ನಾಳೆ ಎಣಿಸೋಕೆ ಸಾಹೇಬರು ಬರ್ತಾರೆ. ಸೇವಾ ಮಾನದಂಡ ಅಂತ ಹೊಸದಾಗಿ ಮಾಡಿದ್ದಾರಂತೆ. ಒಂದು ಟ್ರಿಪ್ಪಿಗೆ ಇಪ್ಪತ್ತು ಜನ ಹತ್ತದಿದ್ರೆ ಬಸ್ಸು ಬಂದ್."

"ನಾವಿರೋದೇ ಒಂಬತ್ತು ಜನ," ಎಂದಳು ಅಕ್ಕ. "ಮಿಕ್ಕವರನ್ನ ಎಲ್ಲಿಂದ ಹೆತ್ತು ತರೋಣ?"

ಕೊರಳಿಗೆ ಟೇಪು ಹಾಕಿಕೊಂಡಿದ್ದ ದರ್ಜಿ ಹಿಂದಿನಿಂದ ಕೇಳಿದ: "ಕಂಡಕ್ಟ್ರೇ, ಅವರು ಎಣಿಸೋದು ಕೂತವರನ್ನೋ, ಹತ್ತಿದವರನ್ನೋ?"

"ಹತ್ತಿದವರನ್ನ."

"ಹಾಗಾದ್ರೆ ಮೂರು ಸಲ ಹತ್ತೋಣ. ಇಪ್ಪತ್ತೇಳಾಯ್ತು."

ಮರುದಿನ ಎಣಿಕೆ ಸಾಹೇಬರು ಬಂದು ಹಿಂಬಾಗಿಲ ಪಕ್ಕ, ಸ್ಪಂಜಿಲ್ಲದ ಸೀಟಿನಲ್ಲಿ ಕೂತರು. ಹೆಬ್ಬೆರಳಲ್ಲಿ ಒತ್ತಿದರೆ ಟಿಕ್ ಎನ್ನುವ ಯಂತ್ರ ಕೈಯಲ್ಲಿತ್ತು. ಒಂಬತ್ತು ಜನ ಹತ್ತಿದರು, ಒಂಬತ್ತು ಟಿಕ್. ಎರಡನೇ ನಿಲ್ದಾಣದಲ್ಲಿ ಒಂಬತ್ತೂ ಜನ ಮುಂಬಾಗಿಲಲ್ಲಿ ಇಳಿದು, ಬಸ್ಸಿನ ಪಕ್ಕದಲ್ಲೇ ಗಂಭೀರವಾಗಿ ನಡೆದು, ಹಿಂಬಾಗಿಲಲ್ಲಿ ಹತ್ತಿದರು. ಮೂರನೆಯದರಲ್ಲೂ ಹಾಗೇ.

ಸಾಹೇಬರು ದರ್ಜಿಯನ್ನು ದಿಟ್ಟಿಸಿದರು. "ನಿಮ್ಮನ್ನ ಆಗ್ಲೇ ನೋಡಿದ ಹಾಗಿದೆಯಲ್ಲ?"

"ನಮ್ಮೂರಲ್ಲಿ ಎಲ್ರಿಗೂ ಇದೇ ಮೂಗು ಸಾರ್."

ಸಾಹೇಬರು ಕೈಯಲ್ಲಿದ್ದ ಫಾರಂ ಅನ್ನು ತಿರುಗಿಸಿ, ಮಗುಚಿ ನೋಡಿದರು. "ಹತ್ತಿದವರ ಸಂಖ್ಯೆ ಅಂತಷ್ಟೇ ಇದೆ. ಮುಖಕ್ಕೆ ಕಾಲಂ ಇಲ್ಲ," ಎಂದು ನಿಟ್ಟುಸಿರು ಬಿಟ್ಟು ಟಿಕ್ ಒತ್ತಿದರು.

ಇಪ್ಪತ್ತೇಳಾಗಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅಕ್ಕನಿಗೆ ಧೈರ್ಯ ಸಾಲಲಿಲ್ಲ.

"ಒಂದಷ್ಟು ಜಾಸ್ತಿನೇ ಇರ್ಲಿ ಅಣ್ಣ. ನಾಳೆ ಲೆಕ್ಕ ತಪ್ಪಿದೆ ಅಂದ್ಬಿಟ್ರೆ?"

ದರ್ಜಿ ಯಾವ ಬಟ್ಟೆಗೂ ಎರಡಿಂಚು ಹೆಚ್ಚು ಬಿಟ್ಟೇ ಹೊಲಿಯುವವನು. "ಸರಿಯಾಗಿ ಹೇಳಿದೆ ಅಕ್ಕ," ಎಂದ. ಆಮೇಲೆ ಯಾರನ್ನೂ ಹಿಡಿಯುವ ಹಾಗಿರಲಿಲ್ಲ. ಒಂದು ಕಡೆ ತಲೆಗೆ ಟವೆಲ್ ಸುತ್ತಿಕೊಂಡು ಹತ್ತಿದರು, ಇನ್ನೊಂದು ಕಡೆ ಕನ್ನಡಕ ಬದಲಾಯಿಸಿಕೊಂಡು ಹತ್ತಿದರು. ಹಾಲಿನವನು ಖಾಲಿ ಕ್ಯಾನನ್ನು ಒಮ್ಮೆ ಎಡಗೈಯಲ್ಲಿ, ಒಮ್ಮೆ ಬಲಗೈಯಲ್ಲಿ ಹಿಡಿದು ಹತ್ತಿದ. ಅಕ್ಕ ಪ್ರತಿ ಸಲವೂ ಎಡಗಾಲನ್ನು ಕೈಯಿಂದ ಎತ್ತಿಟ್ಟುಕೊಂಡೇ ಹತ್ತಿದಳು. ಹದಿಮೂರನೇ ಸಲ ಡ್ರೈವರೇ ಇಳಿದು ಬಂದು ಕೈ ಕೊಟ್ಟ.

ಬಸ್ಸು ಪೇಟೆ ತಲುಪಿದಾಗ ಏಳೂ ಇಪ್ಪತ್ತು. ಸಾಹೇಬರ ಹೆಬ್ಬೆರಳು ಊದಿಕೊಂಡಿತ್ತು. ಅಕ್ಕನ ಹೆಸರಿನ ಮುಂದೆ ಎರಡನೇ ಕೆಂಪು ಗುರುತು ಬಿತ್ತು. ಹೋದರೆ ಹೋಗಲಿ, ಬಸ್ಸು ಉಳಿಯಿತಲ್ಲ ಎಂದುಕೊಂಡು ಅವಳು ಅಂದು ಇಡೀ ವಾರ್ಡನ್ನು ನಗುನಗುತ್ತ ಒರೆಸಿದಳು.

ನಾಲ್ಕನೇ ದಿನ ಐದೂ ನಲವತ್ತಕ್ಕೆ ಬಸ್ಸು ಬರಲಿಲ್ಲ. ನಿಲ್ದಾಣದ ಕಂಬಕ್ಕೆ ಒಂದು ಹಾಳೆ ಅಂಟಿಸಿದ್ದರು. ದರ್ಜಿ ಟಾರ್ಚು ಬಿಟ್ಟು ಗಟ್ಟಿಯಾಗಿ ಓದಿದ:

"ಇಪ್ಪತ್ತನಾಲ್ಕು ಸೀಟಿನ ಬಸ್ಸಿನಲ್ಲಿ ನೂರಾ ಹದಿನೇಳು ಮಂದಿ ಪ್ರಯಾಣಿಸುತ್ತಿರುವುದು ಸುರಕ್ಷತಾ ಮಾನದಂಡಕ್ಕೆ ವಿರುದ್ಧ. ದೊಡ್ಡ ಬಸ್ಸು ಒದಗುವವರೆಗೆ ಸೇವೆ ರದ್ದು."

"ದೊಡ್ಡ ಬಸ್ಸು ನಮ್ಮ ಸೇತುವೆ ಮೇಲೆ ಹಿಡಿಸೋದೇ ಇಲ್ವಲ್ಲಪ್ಪ!" ಎಂದ ಹಾಲಿನವನು.

ಎಲ್ಲರೂ ನಡೆಯತೊಡಗಿದರು. ಅಕ್ಕ ಕುಂಟುತ್ತ ಹಿಂದಾದಾಗಲೆಲ್ಲ ಎಂಟೂ ಜನ ನಿಂತು ಕಾದರು. ಅರ್ಧ ದಾರಿಯಲ್ಲೇ ಏಳು ಗಂಟೆಯಾಯಿತು. ಸ್ವಲ್ಪ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಅವಳು "ಹೂಂ, ಹೂಂ" ಎಂದಷ್ಟೇ ಹೇಳಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನಂತೆ?" ದರ್ಜಿ ಕೇಳಿದ.

"ಆಸ್ಪತ್ರೆ ಎದುರು ಮನೆಯವಳು ಒಬ್ಬಳು ಸಿಕ್ಕಿದ್ದಾಳಂತೆ. ಅವಳಿಗೆ ಬಸ್ಸು ಬೇಕಾಗಿಲ್ವಂತೆ." ಅಕ್ಕ ಮೊಣಕಾಲು ನೀವಿಕೊಂಡಳು. "ಇನ್ನು ನನಗೇನೂ ಅವಸರ ಇಲ್ಲ. ನಡೀರಿ, ಸಾಹೇಬರ ಆಫೀಸಿಗೆ ಹೋಗೋಣ."

ಆಫೀಸು ತೆರೆಯುವವರೆಗೆ ಮೆಟ್ಟಿಲ ಮೇಲೆ ಕೂತರು. ಒಳಗೆ ಗೋಡೆ ಮೇಲೆ ಹೊಸ ಬಣ್ಣದ ಬೋರ್ಡು: ನಮ್ಮ ಸೇವಾ ಮಾನದಂಡ. ಬಂದ ಪ್ರತಿಯೊಬ್ಬರ ಅಹವಾಲನ್ನೂ ಅಂದೇ ಕೇಳಿ, ಬರೆದುಕೊಂಡು, ರಸೀದಿ ಕೊಡಲಾಗುವುದು. ದರ್ಜಿ ಅದನ್ನು ಓದಿ ಹೇಳಿದ. ಅಕ್ಕ ಇನ್ನೊಮ್ಮೆ ಓದಿಸಿದಳು. ಆಮೇಲೆ ಆಫೀಸಿಗೆ ಎಷ್ಟು ಬಾಗಿಲಿದೆ ಎಂದು ಕತ್ತು ಹೊರಳಿಸಿ ನೋಡಿದಳು. ಎರಡಿತ್ತು.

ಎಣಿಕೆ ಸಾಹೇಬರ ಹೆಬ್ಬೆರಳಿಗೆ ಇನ್ನೂ ಬಿಳಿ ಪಟ್ಟಿಯಿತ್ತು. ಅಕ್ಕ ಎದುರು ನಿಂತು ಬಸ್ಸು ಬೇಕು ಎಂದಳು. ಅವರು ಬರೆದುಕೊಂಡು ರಸೀದಿ ಕೊಟ್ಟರು. ಅವಳ ಹಿಂದೆ ದರ್ಜಿ, ಅವನ ಹಿಂದೆ ಹಾಲಿನವನು, ಹೀಗೆ ಒಂಬತ್ತು ಅಹವಾಲು ಮುಗಿದವು. ಸಾಹೇಬರು ಪೆನ್ನಿನ ಮುಚ್ಚಳ ಹಾಕಿ ತಲೆ ಎತ್ತಿದರೆ ಎದುರಿಗೆ ಮತ್ತೆ ಆಸ್ಪತ್ರೆ ಅಕ್ಕ. ಹಿಂಬಾಗಿಲಲ್ಲಿ ಹೋದವಳು ಮುಂಬಾಗಿಲಲ್ಲಿ ಬಂದಿದ್ದಳು. ಅವಳ ಹಿಂದೆ ದರ್ಜಿ ತಲೆಗೆ ಟವೆಲ್ ಸುತ್ತಿಕೊಳ್ಳುತ್ತಿದ್ದ.

"ಅಮ್ಮಾ, ನೀವು ಈಗಷ್ಟೇ ಬಂದು ಹೋದ್ರಲ್ಲ?"

"ಮುಖಕ್ಕೆ ಕಾಲಂ ಇದೆಯಾ ಸಾರ್?"

ಸಾಹೇಬರು ಫಾರಂ ತಿರುಗಿಸಿದರು, ಮಗುಚಿದರು. ಇರಲಿಲ್ಲ.

ಅಕ್ಕ ಅವರ ಎದುರಿನ ಕುರ್ಚಿ ಎಳೆದುಕೊಂಡು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮುಂದಕ್ಕೆ ಚಾಚಿ ಕೂತಳು.

"ಬರ್ಕೊಳ್ಳಿ. ಇದು ಹತ್ತನೇದು. ನೂರಾ ಹದಿನೇಳು ಜನ ಇದ್ದೀವಿ."